15 ಸಾವಿರ ರೂಪಾಯಿಯ ಕಡ್ಡಿ: ಕಲಬುರಗಿಯ ರಸ್ತೆಗಳಲ್ಲಿ ಕ್ವಿಕ್‌ಶಿಫ್ಟರ್

ಟಿವಿಎಸ್ ಅಪಾಚೆ ಆರ್‌ಟಿಆರ್ 310 ಬೈಕ್ 2023ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಕಪ್ಪು ಬಣ್ಣದ ಮಾದರಿಗೆ ಎರಡು ಬೆಲೆಗಳಿದ್ದವು. ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಲು ನೆರವಾಗುವ ಕ್ವಿಕ್‌ಶಿಫ್ಟರ್ ಇಲ್ಲದ್ದಕ್ಕೆ ಎಕ್ಸ್-ಶೋರೂಮ್ 2.43 ಲಕ್ಷ ರೂಪಾಯಿ, ಇದ್ದದ್ದಕ್ಕೆ 2.58 ಲಕ್ಷ. ಎರಡರಲ್ಲಿಯೂ ಅದೇ 312 ಸಿಸಿ ಎಂಜಿನ್, ಅದೇ ಆರು ಗೇರು. ಹೀಗಾಗಿ ನಡುವಿನ 15 ಸಾವಿರ ರೂಪಾಯಿಯನ್ನು ನಾನು ಕೊಟ್ಟದ್ದು ಗೇರ್ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಒಂದು ಕಡ್ಡಿಗೆ, ಅದರಲ್ಲಿ ಕುಳಿತ ಸೆನ್ಸರಿಗೆ ಮತ್ತು ಆ ಸೆನ್ಸರ್ ಹೇಳಿದ್ದನ್ನು ಕೇಳುವ ಸಾಫ್ಟ್‌ವೇರಿಗೆ ಎಂದೇ ಲೆಕ್ಕ. ಇಡೀ ಬೈಕಿನ ಗುಣದೋಷಗಳನ್ನು ಬರೆದವರು ಸಾಕಷ್ಟು ಮಂದಿ ಇರುವುದರಿಂದ ಆ ಗೊಡವೆಗೆ ಹೋಗದೆ, ಕಲಬುರಗಿಯ ಪೇಟೆಯಲ್ಲಿ ಮತ್ತು ಸುತ್ತಲಿನ ಹೆದ್ದಾರಿಗಳಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಈ ಕಡ್ಡಿ ಕೊಟ್ಟ ಹಣಕ್ಕೆ ತಕ್ಕಷ್ಟು ದುಡಿಯಿತೇ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಬೈಕ್ ಮನೆಗೆ ಬಂದ ಮರುದಿನವೇ ಪಕ್ಕದ ಮನೆಯ ಹಿರಿಯರು ಕೇಳಿದ ಪ್ರಶ್ನೆ ಇದು: “ಕ್ಲಚ್ ಹಿಡೀಲಾರದ ಗೇರ್ ಹಾಕಿದ್ರ ಗೇರ್‌ಬಾಕ್ಸ್ ಖರಾಬ್ ಆಗಂಗಿಲ್ಲೇನ್ರಿ?” ಮೂವತ್ತು ವರ್ಷ ಬೈಕ್ ಓಡಿಸಿದವರಿಗೆ ಬರಲೇಬೇಕಾದ ಅನುಮಾನ. ಕಂಪನಿಯವರು ಕೊಟ್ಟಿದ್ದಾರೆಂದ ಮೇಲೆ ಏನೂ ಆಗುವುದಿಲ್ಲ ಎಂದು ಹೇಳಿ ನಾನು ಆಗ ತಪ್ಪಿಸಿಕೊಂಡೆ. ಸರಿಯಾದ ಉತ್ತರ ಹೇಳಬೇಕಾದರೆ ಗೇರ್‌ಬಾಕ್ಸಿನ ಒಳಗೆ ಇಣುಕಬೇಕಾಗುತ್ತದೆ.

ಗೇರ್ ಬದಲಾಗುವಾಗ ಹಲ್ಲುಚಕ್ರಗಳು ಒಂದನ್ನು ಬಿಟ್ಟು ಇನ್ನೊಂದನ್ನು ಕಚ್ಚಿಕೊಳ್ಳುತ್ತವೆ ಎಂದು ಬಹಳ ಜನ ತಿಳಿದಿರುತ್ತಾರೆ. ಬೈಕುಗಳಲ್ಲಿ ಹಾಗೆ ನಡೆಯುವುದಿಲ್ಲ. ಆರೂ ಜೋಡಿ ಚಕ್ರಗಳು ಸದಾ ಹಲ್ಲಿಗೆ ಹಲ್ಲು ಕೂಡಿಕೊಂಡೇ ಇರುತ್ತವೆ; ಆದರೆ ಪ್ರತಿ ಜೋಡಿಯಲ್ಲಿಯೂ ಒಂದು ಚಕ್ರ ತನ್ನ ಶಾಫ್ಟಿನ ಮೇಲೆ ಬಿಡಿಯಾಗಿ ಸುತ್ತುತ್ತಿರುತ್ತದೆ. ಆ ಬಿಡಿ ಚಕ್ರವನ್ನು ಶಾಫ್ಟಿಗೆ ಕಟ್ಟಿಹಾಕುವುದು ಪಕ್ಕದ ಚಕ್ರದ ಮಗ್ಗುಲಲ್ಲಿ ಎದ್ದುನಿಂತ ದಪ್ಪ ಗೂಟಗಳ ಕೆಲಸ. ಇವನ್ನು ಡಾಗ್ ಎನ್ನುತ್ತಾರೆ. ಕಾಲಿನಿಂದ ಲಿವರ್ ಎತ್ತಿದಾಗ ಒಳಗಿನ ಶಿಫ್ಟ್ ಡ್ರಮ್ ಒಂದಿಷ್ಟು ಹೊರಳುತ್ತದೆ, ಅದರ ಮೈಮೇಲೆ ಕೊರೆದ ಓರೆ ಗೀರುಗಳಲ್ಲಿ ಸಿಕ್ಕಿಕೊಂಡಿರುವ ಫೋರ್ಕುಗಳು ಪಕ್ಕಕ್ಕೆ ಸರಿಯುತ್ತವೆ, ಮತ್ತು ಆ ಫೋರ್ಕುಗಳು ಡಾಗುಗಳನ್ನು ಒಂದು ಚಕ್ರದ ಕಿಂಡಿಯಿಂದ ಬಿಡಿಸಿ ಇನ್ನೊಂದರ ಕಿಂಡಿಗೆ ನೂಕುತ್ತವೆ.

ತೊಡಕು ಇರುವುದು ಈ ಬಿಡಿಸುವ ಹೊತ್ತಿನಲ್ಲಿ. ಎಂಜಿನ್ ಚಕ್ರವನ್ನು ಎಳೆಯುತ್ತಿರುವಷ್ಟು ಹೊತ್ತೂ ಅದರ ಬಲವೆಲ್ಲ ಈ ಗೂಟಗಳ ಮುಖದ ಮೇಲೆಯೇ ಬೀಳುತ್ತದೆ. ಅಷ್ಟೇ ಸಾಲದೆಂದು, ಓಡುವಾಗ ಗೇರ್ ತಾನಾಗಿ ಜಾರಿ ಹೊರಬರಬಾರದೆಂದು ಆ ಮುಖಗಳನ್ನು ತುಸು ಒಳಗೆ ಓರೆಯಾಗಿ ಕಡೆದಿರುತ್ತಾರೆ. ಬಲ ಬಿದ್ದಷ್ಟೂ ಅವು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತವೆ. ಬಾಗಿಲಿಗೆ ಯಾರಾದರೂ ಹೊರಗಿನಿಂದ ಒರಗಿ ನಿಂತಾಗ ಒಳಗಿನ ಚಿಲಕ ಎಷ್ಟು ಜಗ್ಗಿದರೂ ಸರಿಯದು, ಒರಗಿದವರು ಅರೆಗಳಿಗೆ ಹಿಂದೆ ಸರಿದರೆ ಒಂದೇ ಬೆರಳಿಗೆ ಜಾರಿಬಿಡುತ್ತದೆ. ಕ್ಲಚ್ ಹಿಡಿದಾಗ ನಾವು ಮಾಡುವುದು ಒರಗಿದವರನ್ನು ಬಾಗಿಲಿನಿಂದ ಪೂರ್ತಿ ದೂರ ಕಳಿಸುವುದು. ಕ್ವಿಕ್‌ಶಿಫ್ಟರ್ ಅವರನ್ನು ದೂರ ಕಳಿಸದೆ, ಒಂದು ಕ್ಷಣ ಉಸಿರು ಬಿಗಿಹಿಡಿಯುವಂತೆ ಮಾಡುತ್ತದೆ.

ಈ ಕೆಲಸಕ್ಕೆ ಬೇಕಾದ ಸುಳಿವು ಬರುವುದು ಕಡ್ಡಿಯಲ್ಲಿರುವ ಸೆನ್ಸರಿನಿಂದ. ಅಗ್ಗದ ಕಿಟ್‌ಗಳಲ್ಲಿ ಅದು ಬರೀ ಒಂದು ಸ್ವಿಚ್ ಆಗಿರಬಹುದು; ಒಳ್ಳೆಯವುಗಳಲ್ಲಿ ಕಡ್ಡಿಯ ಮೇಲೆ ಬೀಳುವ ಒತ್ತಡ ಎಷ್ಟು, ಅದು ಎಳೆತವೋ ನೂಕೋ ಎಂಬುದನ್ನು ಅಳೆದು ವೋಲ್ಟೇಜಿನ ಏರಿಳಿತವಾಗಿ ತಿಳಿಸುವ ಸೆನ್ಸರ್ ಇರುತ್ತದೆ. ಒತ್ತಡ ಗೊತ್ತುಪಡಿಸಿದ ಮಟ್ಟ ದಾಟಿದೊಡನೆ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಸ್ಪಾರ್ಕನ್ನೋ ಇಂಧನವನ್ನೋ ಅಥವಾ ಎರಡನ್ನೂ ತಡೆಯುತ್ತದೆ. ಆ ತಡೆ ಸಾಮಾನ್ಯವಾಗಿ 50ರಿಂದ 100 ಮಿಲಿಸೆಕೆಂಡಿನದು, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗಿನ ಮಾತು. ಅಷ್ಟರಲ್ಲಿ ಗೂಟಗಳ ಮೇಲಿನ ಹೊರೆ ಇಳಿದು, ಕಾಲಿನ ಒತ್ತಡ ಹೇಗೂ ಕಾದುಕೊಂಡೇ ಇರುವುದರಿಂದ, ಡಾಗುಗಳು ಹೊಸ ಕಿಂಡಿಗೆ ಜಾರಿರುತ್ತವೆ. ಎಂಜಿನ್ನಿನ ವೇಗವೂ ಅದೇ ಹೊತ್ತಿನಲ್ಲಿ ಹೊಸ ಗೇರಿಗೆ ಹೊಂದುವಷ್ಟು ಇಳಿಯಬೇಕು. ಮುಂದಿನ ಗೇರಿನ ಅನುಪಾತ ಐದರಲ್ಲಿ ಒಂದು ಪಾಲು ಕಡಿಮೆ ಇದ್ದರೆ, ನಿಮಿಷಕ್ಕೆ 8,000 ಸುತ್ತಿನಲ್ಲಿದ್ದ ಎಂಜಿನ್ 6,400ಕ್ಕೆ ಬಂದು ನಿಲ್ಲಬೇಕಾಗುತ್ತದೆ. ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಹೊರೆ ಇಳಿದ ಕ್ಷಣದಲ್ಲಿ, ಕಾಲು ಗಟ್ಟಿ ಮನಸ್ಸಿನಿಂದ ಎತ್ತಿದರೆ ಗೇರ್‌ಬಾಕ್ಸಿಗೆ ಏನೂ ಆಗದು. ಅರೆಮನಸ್ಸಿನಿಂದ ಎತ್ತಿದರೆ ಗೂಟದ ಮೂಲೆಗಳು ಕಿಂಡಿಯ ಅಂಚಿಗೆ ಬಡಿದು ಬಡಿದು ದುಂಡಗಾಗುತ್ತವೆ, ಆಮೇಲೆ ಕ್ಲಚ್ ಹಿಡಿದರೂ ಗೇರ್ ನಿಲ್ಲದಂತಾಗುತ್ತದೆ.

ಗೇರ್ ಇಳಿಸುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ರೇಸ್ ಬಿಟ್ಟಾಗ ಚಕ್ರವೇ ಎಂಜಿನ್ನನ್ನು ಎಳೆಯುತ್ತಿರುತ್ತದೆ, ಗೂಟಗಳ ಇನ್ನೊಂದು ಮುಖದ ಮೇಲೆ ಹೊರೆ ಬಿದ್ದಿರುತ್ತದೆ, ಜೊತೆಗೆ ಕೆಳಗಿನ ಗೇರಿಗೆ ಎಂಜಿನ್ ಇನ್ನಷ್ಟು ವೇಗವಾಗಿ ತಿರುಗಬೇಕು. ಇಲ್ಲಿ ಸ್ಪಾರ್ಕ್ ತಡೆದು ಪ್ರಯೋಜನವಿಲ್ಲ. ಆದುದರಿಂದ ಇಸಿಯು ತಾನೇ ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲನ್ನು ಒಂದು ಚಣ ತೆರೆದು ಎಂಜಿನ್ನನ್ನು ಗುರ್ ಎನ್ನಿಸುತ್ತದೆ. ಕೇಬಲ್ ಇರುವ ಥ್ರಾಟಲಿನಲ್ಲಿ ಇದು ಆಗದ ಮಾತು, ಏಕೆಂದರೆ ಅಲ್ಲಿ ಕವಾಟ ನಮ್ಮ ಕೈಗೆ ಕಟ್ಟಿಕೊಂಡಿರುತ್ತದೆ. ಮೋಟರಿನಿಂದ ತೆರೆಯುವ ಎಲೆಕ್ಟ್ರಾನಿಕ್ ಥ್ರಾಟಲ್ ಇರಲೇಬೇಕು. ಯಮಹಾ ಆರ್15 ನಾಲ್ಕನೆಯ ಆವೃತ್ತಿ 2021ರಲ್ಲಿ ಬಂದಾಗ ಅದರ ಕೆಲವು ಮಾದರಿಗಳಿಗಷ್ಟೇ ಕ್ವಿಕ್‌ಶಿಫ್ಟರ್ ಇತ್ತು, ಅದೂ ಗೇರ್ ಏರಿಸುವುದಕ್ಕೆ ಮಾತ್ರ. 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್‌ನಲ್ಲಿ ಎರಡೂ ಕಡೆ ಕೆಲಸ ಮಾಡುವಂಥದ್ದಿತ್ತು, ನನ್ನ ಬೈಕಿನದೂ ಅಂಥದ್ದೇ. ಅಂಗಡಿಯಲ್ಲಿ ವಿಚಾರಿಸುವಾಗ “ಕ್ವಿಕ್‌ಶಿಫ್ಟರ್ ಇದೆಯೇ” ಎಂದಷ್ಟೇ ಕೇಳಿದರೆ ಸಾಲದು, ಇಳಿಸುವುದಕ್ಕೂ ಇದೆಯೇ ಎಂದು ಕೇಳಬೇಕು. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚಿನ ಸುಖ ಇರುವುದು ಇಳಿಸುವುದರಲ್ಲಿಯೇ.

ಇನ್ನು ಪೇಟೆಯ ಅನುಭವ. ಸೂಪರ್ ಮಾರ್ಕೆಟ್, ಜಗತ್ ವೃತ್ತ, ಸರ್ದಾರ್ ಪಟೇಲ್ ವೃತ್ತ ಇವುಗಳ ನಡುವೆ ಓಡಾಡುವವರಿಗೆ ಈ ಸೌಲಭ್ಯ ಇದ್ದೂ ಇಲ್ಲದಂತೆ. ಆಟೋಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳುತ್ತಿರುವಾಗ ಎಂಜಿನ್ 3,000 ಸುತ್ತಿನ ಆಸುಪಾಸಿನಲ್ಲಿರುತ್ತದೆ, ರೇಸ್ ಅರೆಬರೆ ತೆರೆದಿರುತ್ತದೆ. ಆಗ ಗೂಟಗಳ ಮೇಲೆ ಹೊರೆಯೇ ಸರಿಯಾಗಿ ಇರುವುದಿಲ್ಲ, ಒಮ್ಮೆ ಈಚೆಗೆ ಒಮ್ಮೆ ಆಚೆಗೆ ತೂಗಾಡುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಗೇರ್ ಎತ್ತಿದರೆ ಬೈಕು ತಲೆಯಾಡಿಸಿದಂತೆ ಜಗ್ಗುತ್ತದೆ, ಹಿಂದೆ ಕುಳಿತವರ ಹೆಲ್ಮೆಟ್ ನಮ್ಮ ಹೆಲ್ಮೆಟ್ಟಿಗೆ ಕುಟ್ಟುತ್ತದೆ. ಇದನ್ನು ಈ ಬೈಕಿನ ದೋಷವೆಂದು ಬರೆಯುವುದು ಅನ್ಯಾಯವಾದೀತು. ಎಂಜಿನ್ ಜೋರಾಗಿ ಎಳೆಯುತ್ತಿರುವಾಗ ಏರಿಸುವುದಕ್ಕೆಂದೇ ರೂಪಿಸಿದ ಸಾಧನದಿಂದ ಸಂತೆಯ ನಡಿಗೆಯನ್ನು ನಿರೀಕ್ಷಿಸಬಾರದು. ಒಂದರಿಂದ ಎರಡನೆಯ ಗೇರಿಗೆ ಹೋಗುವಾಗಲಂತೂ ನಾನು ಈಗಲೂ ಕ್ಲಚ್ ಹಿಡಿಯುತ್ತೇನೆ: ಆ ಎರಡು ಗೇರುಗಳ ಅಂತರವೇ ಎಲ್ಲಕ್ಕಿಂತ ದೊಡ್ಡದು, ನಡುವೆ ನ್ಯೂಟ್ರಲ್ ಬೇರೆ ಕುಳಿತಿದೆ. ಹೊರಡುವಾಗ, ನಿಲ್ಲಿಸುವಾಗ ಕ್ಲಚ್ ಬೇಕೇ ಬೇಕು ಎಂಬುದನ್ನು ಹೊಸಬರಿಗೆ ಒತ್ತಿ ಹೇಳಬೇಕಾಗಿದೆ; ಕ್ವಿಕ್‌ಶಿಫ್ಟರ್ ಇದ್ದ ಮಾತ್ರಕ್ಕೆ ಬೈಕು ಆಟೊಮ್ಯಾಟಿಕ್ ಆಗುವುದಿಲ್ಲ.

ಹುಮನಾಬಾದ್ ರಸ್ತೆಗೆ ಬಿದ್ದ ಮೇಲೆ ಅದೇ ಕಡ್ಡಿ ಬೇರೆಯೇ ಆಗಿಬಿಡುತ್ತದೆ. ಕಲಬುರಗಿಯಿಂದ ಹುಮನಾಬಾದ್ ಮೂಲಕ ಬೀದರಿಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದ ಆಸುಪಾಸಿನಲ್ಲಿ ನೆಲ ಏರುತ್ತ ಇಳಿಯುತ್ತ ಸಾಗುತ್ತದೆ. ಮುಂದೆ ಹೊರೆ ತುಂಬಿದ ಲಾರಿ, ಎದುರಿಗೆ ಒಂದಿಷ್ಟೇ ಖಾಲಿ ರಸ್ತೆ ಇರುವಾಗ ಐದರಿಂದ ನಾಲ್ಕಕ್ಕೆ ಇಳಿಸಿ, ಲಾರಿ ದಾಟಿ, ಮತ್ತೆ ಐದು ಆರು ಏರಿಸುವ ಕೆಲಸ ಕೈಯನ್ನು ಹ್ಯಾಂಡಲಿನಿಂದ ಸಡಿಲಿಸದೆ ಮುಗಿಯುತ್ತದೆ. ಈ ಎಂಜಿನ್ 6,650 ಸುತ್ತಿನಲ್ಲಿ 28.7 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, 9,700ರಲ್ಲಿ 35.6 ಪಿಎಸ್ ಶಕ್ತಿ. ಈ ಎರಡರ ನಡುವೆ ಎಂಜಿನ್ ಹಾಡುತ್ತಿರುವಾಗ ಗೇರ್ ಎತ್ತಿದರೆ ಟಕ್ ಎಂಬ ಸಣ್ಣ ಸದ್ದು ಬಿಟ್ಟರೆ ಬೇರೇನೂ ತಿಳಿಯದು. ಇಳಿಸುವಾಗಿನ ಸುಖ ಇನ್ನೂ ಹೆಚ್ಚು. ತಿರುವಿನ ಮುಂಚೆ ಬ್ರೇಕ್ ಹಿಡಿಯುತ್ತಲೇ ಎರಡು ಗೇರ್ ಇಳಿಸಿದರೂ ಹಿಂದಿನ ಚಕ್ರ ಕುಪ್ಪಳಿಸುವುದಿಲ್ಲ. ಅದರಲ್ಲಿ ಸ್ಲಿಪ್ಪರ್ ಕ್ಲಚ್ಚಿನ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ. ಇಳಿಸಿದಾಗ ಉಳಿಯುವ ಎಳೆತವನ್ನು ಅದು ಜಾರಿಸಿ ಹಗುರ ಮಾಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟಿದಾಗ, ಕೈಗವಸಿನೊಳಗೆ ಬೆವೆತ ಎಡಗೈಗೆ ನೂರಾರು ಸಲ ಕ್ಲಚ್ ಹಿಡಿಯುವ ಕೆಲಸ ತಪ್ಪಿತೆಂಬುದೇ ನನಗೆ ಮೊದಲ ಬೇಸಿಗೆಯ ದೊಡ್ಡ ಲಾಭವಾಗಿ ಕಂಡಿತು.

ಆದರೆ ಈ ಸಾಧನ ಓಡಿಸುವವನ ಕಾಲನ್ನು ಪರೀಕ್ಷಿಸುತ್ತದೆ. ನಮ್ಮ ಕಡೆ ಬಹಳ ಮಂದಿ ಚಪ್ಪಲಿ ಹಾಕಿಕೊಂಡೇ ಬೈಕ್ ಓಡಿಸುತ್ತಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಹಳೆಯ ನೂರು ಸಿಸಿ ಬೈಕುಗಳಲ್ಲಿ ಹಿಂದೆ ಮುಂದೆ ಎರಡು ಮೆಟ್ಟುಗಳ ಲಿವರ್ ಇರುತ್ತದೆ. ತುಳಿದರೆ ಗೇರ್ ಬೀಳುತ್ತದೆ, ಎತ್ತುವ ಪ್ರಮೇಯವೇ ಬರುವುದಿಲ್ಲ. ಇಲ್ಲಿ ಏರಿಸಬೇಕಾದರೆ ಪಾದದ ಮೇಲ್ಭಾಗದಿಂದ ಎತ್ತಬೇಕು. ಬರಿ ಬೆರಳಿಗೆ ಲೋಹ ಒತ್ತಿದಾಗ ನೋವಿಗೆ ಹೆದರಿ ಕಾಲು ತಾನಾಗಿಯೇ ಮೆತ್ತಗೆ ಎತ್ತುತ್ತದೆ, ಸೆನ್ಸರ್ ಸುಳಿವು ಕೊಟ್ಟು ಎಂಜಿನ್ ಉಸಿರು ಹಿಡಿಯುತ್ತದೆ, ಡಾಗುಗಳು ಮಾತ್ರ ಅರ್ಧ ದಾರಿಯಲ್ಲಿ ನಿಲ್ಲುತ್ತವೆ. ಹಾಗೆ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು, ಎಂಜಿನ್ ಬರಿದೇ ಕೂಗುತ್ತ ಬೈಕು ತೇಲಿಹೋಗುವ ಅನುಭವ ಮೊದಲ ತಿಂಗಳಲ್ಲಿ ನನಗೆ ಮೂರು ಸಲ ಆಯಿತು. ಬೂಟು ಹಾಕಿದ ಮೇಲೆ ಒಮ್ಮೆಯೂ ಆಗಿಲ್ಲ. ಇನ್ನೊಂದು ಕೆಟ್ಟ ಚಟವೆಂದರೆ ಗೇರ್ ಹಾಕಿದ ಮೇಲೂ ಕಾಲನ್ನು ಲಿವರಿನ ಮೇಲೆಯೇ ಇಟ್ಟುಕೊಳ್ಳುವುದು. ಸೆನ್ಸರ್ ಅಳೆಯುವುದು ಒತ್ತಡದ ಬದಲಾವಣೆಯನ್ನು. ಮೊದಲೇ ಭಾರ ಹೇರಿಕೊಂಡಿದ್ದರೆ ಅದಕ್ಕೆ ಮುಂದಿನ ಸುಳಿವು ಸಿಗುವುದಿಲ್ಲ, ಅಥವಾ ಬೇಡದ ಹೊತ್ತಿನಲ್ಲಿ ಸಿಗುತ್ತದೆ.

ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗ ಈ ಮಾತನ್ನು ನನಗೆ ಇನ್ನೊಂದು ರೀತಿಯಲ್ಲಿ ಕಲಿಸಿತು. ಜೇವರ್ಗಿ ಕಡೆಯ ಹೊಲಗಳಿಂದ ಟ್ರ್ಯಾಕ್ಟರುಗಳು ಹೊತ್ತು ತಂದು ರಸ್ತೆಗೆ ಬಳಿದ ಎರೆಮಣ್ಣಿನಲ್ಲಿ ಒಂದು ಸಂಜೆ ಓಡಿಸಿಕೊಂಡು ಬಂದು, ಬೈಕನ್ನು ತೊಳೆಯದೆ ಎರಡು ದಿನ ಹಾಗೆಯೇ ಬಿಟ್ಟಿದ್ದೆ. ನಮ್ಮ ಎರೆಮಣ್ಣಿನ ಗುಣ ಇಲ್ಲಿನವರಿಗೆ ಹೇಳಬೇಕಾಗಿಲ್ಲ: ಹಸಿಯಿದ್ದಾಗ ಅಂಟಾಗಿ ಹಿಡಿಯುತ್ತದೆ, ಒಣಗಿದಾಗ ಕಲ್ಲಾಗುತ್ತದೆ. ಮೂರನೆಯ ದಿನ ಹೊರಟಾಗ ಒಂದು ಗೇರ್ ಸರಿಯಾಗಿ ಏರುತ್ತಿತ್ತು, ಅದರ ಮುಂದಿನದಕ್ಕೆ ಲಿವರ್ ಗಟ್ಟಿಯಾಗಿ ನಿಲ್ಲುತ್ತಿತ್ತು, ಕ್ಲಚ್ ಹಿಡಿದರೆ ಬೀಳುತ್ತಿತ್ತು. ಊರಿನ ಒಂದು ಗ್ಯಾರೇಜಿನವರು ಐದು ನಿಮಿಷವೂ ನೋಡದೆ ಸೆನ್ಸರ್ ಹೋಗಿದೆ, ಹೊಸದು ತರಿಸಬೇಕು, ಮುಂಗಡ ಕೊಡಿ ಎಂದರು. ಮನಸ್ಸು ಒಪ್ಪದೆ ಗಂಜಿನ ಬಳಿ ನಮ್ಮ ಹಳೆಯ ಬೈಕನ್ನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯ ಹತ್ತಿರ ಹೋದೆ. ಅವರು ಕ್ವಿಕ್‌ಶಿಫ್ಟರ್ ಎಂಬುದನ್ನು ಮುಟ್ಟಿದ್ದೇ ಅಂದು ಮೊದಲು. ಎಂಜಿನ್ ಆರಿಸಿ, ಲಿವರನ್ನು ಕೈಯಿಂದ ನಾಲ್ಕು ಸಲ ಎತ್ತಿ ಬಿಟ್ಟು, “ಸೆನ್ಸರ್ ಬ್ಯಾರೆ ಮಾತ್ರಿ ಸರ, ಮೊದಲ ಲಿವರ್ ವಾಪಸ್ ಬರವಲ್ದು ನೋಡ್ರಿ” ಎಂದರು. ಕಡ್ಡಿಯ ತುದಿಯ ಗುಂಡುಕೀಲಿನಲ್ಲಿ ಮಣ್ಣು ಗಟ್ಟಿಯಾಗಿ, ಲಿವರ್ ತನ್ನ ನಡುಸ್ಥಾನಕ್ಕೆ ಪೂರ್ತಿ ಮರಳುತ್ತಿರಲಿಲ್ಲ. ಭಾರ ಇಳಿಯದ ಸೆನ್ಸರ್ ಎರಡನೆಯ ಸಲ ಎತ್ತಿದ್ದನ್ನು ಹೊಸದೆಂದು ಗುರುತಿಸುತ್ತಿರಲಿಲ್ಲ. ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಎರಡು ಹನಿ ತೆಳು ಎಣ್ಣೆ. ಅರ್ಧ ಗಂಟೆಯಲ್ಲಿ ಎಲ್ಲ ಮೊದಲಿನಂತಾಯಿತು. ತಪ್ಪು ತೊಳೆಯದೆ ಬಿಟ್ಟ ನನ್ನದು.

ಅಂದಿನಿಂದ ನಾನು ನೋಡಿಕೊಳ್ಳುವ ಕ್ರಮ ಹೀಗಿದೆ. ಬೈಕ್ ತೊಳೆದಾಗಲೆಲ್ಲ ಲಿವರಿನ ಬುಡದ ಕೀಲನ್ನೂ ಕಡ್ಡಿಯ ಎರಡೂ ತುದಿಯ ಗುಂಡುಕೀಲುಗಳನ್ನೂ ಬ್ರಷ್ಷಿನಿಂದ ಉಜ್ಜಿ, ಒರೆಸಿ, ತೆಳುವಾಗಿ ಎಣ್ಣೆ ಹಾಕುತ್ತೇನೆ. ಚೈನಿಗೆ ಹೊಡೆಯುವ ಅಂಟು ಸ್ಪ್ರೇಯನ್ನು ಇಲ್ಲಿ ಬಳಸುವುದಿಲ್ಲ. ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರಿಗೆ ಆ ಅಂಟು, ಆ ಧೂಳು ಸೇರಿ ಎಂಥ ಅರೆಯುವ ಲೇಹ್ಯವಾಗುತ್ತದೆಂದು ಗೊತ್ತಿದೆ. ವಾಟರ್ ವಾಷ್ ಅಂಗಡಿಯಲ್ಲಿ ಪ್ರೆಷರ್ ಗನ್ನನ್ನು ಆ ಭಾಗಕ್ಕೆ ನೇರವಾಗಿ ಹಿಡಿಯಬೇಡಿ ಎಂದು ಹೇಳಿಯೇ ಬೈಕ್ ಕೊಡುತ್ತೇನೆ, ಏಕೆಂದರೆ ಸೆನ್ಸರಿನಿಂದ ಹೊರಡುವ ತಂತಿಯ ಕನೆಕ್ಟರಿನೊಳಗೆ ನೀರು ನುಗ್ಗಿದರೆ ವೋಲ್ಟೇಜ್ ಅಡ್ಡಾದಿಡ್ಡಿಯಾಗುತ್ತದೆ. ತಂತಿ ಎಂಜಿನ್ನಿನ ಬಿಸಿ ಮೈಗೆ ತಾಗದಂತೆ, ಲಿವರ್ ಆಡುವಾಗ ಎಳೆದುಕೊಳ್ಳದಂತೆ ಇದೆಯೇ ಎಂದು ಕಣ್ಣಾಡಿಸುವುದೂ ಅಗತ್ಯ.

ಲಿವರಿನ ಎತ್ತರವನ್ನು ಬೂಟಿಗೆ ಹೊಂದಿಸುವವರು ಒಂದು ಸೂಕ್ಷ್ಮ ಗಮನಿಸಬೇಕು. ಇಂಥ ಕಡ್ಡಿಗಳಲ್ಲಿ ಎರಡೂ ತುದಿಗೆ ಲಾಕ್ ನಟ್ ಇರುತ್ತದೆ, ಸಾಮಾನ್ಯವಾಗಿ ಒಂದು ತುದಿಯದು ಎಡಮರೆ, ಅಂದರೆ ಉಲ್ಟಾ ದಿಕ್ಕಿಗೆ ತಿರುಗುವಂಥದ್ದು. ಅದು ಗೊತ್ತಿಲ್ಲದೆ ಪಾನಾ ಹಾಕಿ ಬಲವಂತ ಮಾಡಿದರೆ ತಿರುಚಿಕೊಳ್ಳುವುದು ಸೆನ್ಸರಿನ ಮೈ. ಹೊಂದಿಸಿದ ಮೇಲೆ ಕಡ್ಡಿಗೂ ಲಿವರಿಗೂ ನಡುವಿನ ಕೋನ ಸುಮಾರು 90 ಡಿಗ್ರಿ ಇರಬೇಕು. ಓರೆಯಾದಷ್ಟೂ ಕಾಲಿನ ಬಲದ ಒಂದು ಪಾಲು ವ್ಯರ್ಥವಾಗಿ, ಸೆನ್ಸರಿಗೆ ತಲುಪುವ ಸುಳಿವು ಮಂದವಾಗುತ್ತದೆ. ಬೈಕು ಎಡಕ್ಕೆ ಬಿದ್ದು ಲಿವರ್ ಬಾಗಿದ್ದರಂತೂ ಬಡಿದು ನೇರ ಮಾಡುವ ಸಾಹಸ ಬೇಡ, ಹೊಸದು ಹಾಕಿಸುವುದೇ ಲೇಸು.

ಕ್ವಿಕ್‌ಶಿಫ್ಟರ್ ಒರಟಾಗಿದೆ ಎಂದು ದೂರುವವರಲ್ಲಿ ಹಲವರ ಬೈಕಿನಲ್ಲಿ ನಿಜವಾದ ಕಾರಣ ಚೈನಿನಲ್ಲಿರುತ್ತದೆ. ಸಡಿಲ ಚೈನು ಎಂಜಿನ್ ತಡೆದಾಗ ಜೋತು ಬಿದ್ದು, ಮರಳಿ ಎಳೆದಾಗ ಛಟ್ಟೆಂದು ಬಿಗಿಯುತ್ತದೆ. ಆ ಏಟನ್ನು ನಾವು ಗೇರಿನ ಏಟೆಂದು ತಿಳಿಯುತ್ತೇವೆ. ಕೈಪಿಡಿಯಲ್ಲಿ ಹೇಳಿದಷ್ಟೇ ಸಡಿಲು ಬಿಟ್ಟು, ಧೂಳಿನ ದಿನಗಳಲ್ಲಿ ಬೇಗ ಬೇಗ ಒರೆಸಿ ಎಣ್ಣೆ ಹಾಕಿದರೆ ಅರ್ಧ ದೂರು ಮಾಯವಾಗುತ್ತದೆ. ಎಂಜಿನ್ ಎಣ್ಣೆಯ ವಿಷಯದಲ್ಲಿಯೂ ಚೌಕಾಸಿ ಸಲ್ಲದು. ಬೈಕಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮುಳುಗು ಕ್ಲಚ್ಚಿಗೂ ಒಂದೇ ಎಣ್ಣೆ. ಆದುದರಿಂದ ಡಬ್ಬಿಯ ಮೇಲೆ ಇಂಥ ಕ್ಲಚ್ಚಿಗೆ ಹೊಂದುತ್ತದೆಂದು ಹೇಳುವ ಜಾಸೋ ಎಂಎ ಅಥವಾ ಎಂಎ2 ಗುರುತು ಇರುವುದನ್ನು ನೋಡಿಯೇ ಕೊಳ್ಳಬೇಕು, ಕಾರಿನ ಎಣ್ಣೆ ಸುರಿಯಬಾರದು. ಹಳೆಯದಾಗಿ ತೆಳುವಾದ ಎಣ್ಣೆಯಲ್ಲಿ ಗೇರ್ ಬೀಳುವ ಸದ್ದು ಟಕ್ ಎಂಬುದರಿಂದ ಖಡಕ್ ಎಂಬುದಕ್ಕೆ ತಿರುಗುವುದನ್ನು ಕಿವಿಯೇ ಹೇಳುತ್ತದೆ.

ತಮ್ಮ ಹಳೆಯ ಬೈಕಿಗೆ ಹೊರಗಿನ ಕಿಟ್ ಹಾಕಿಸಬಹುದೇ ಎಂದು ಗೆಳೆಯರು ಕೇಳುತ್ತಾರೆ. ಕೇಬಲ್ ಥ್ರಾಟಲಿನ ಬೈಕಿಗೆ ಏರಿಸುವುದಕ್ಕೆ ಮಾತ್ರ ಸಿಗುವಂಥವು ಇವೆ. ಅವು ಹೆಚ್ಚಾಗಿ ಇಗ್ನಿಷನ್ ಕಾಯಿಲಿನ ತಂತಿಯ ನಡುವೆ ಕುಳಿತು ಸ್ಪಾರ್ಕನ್ನಷ್ಟೇ ತಡೆಯುತ್ತವೆ. ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಫಟ್ ಎಂದು ಸಿಡಿಯುತ್ತದೆ. ಹುಡುಗರಿಗೆ ಆ ಸದ್ದು ಇಷ್ಟ, ಸೈಲೆನ್ಸರಿನೊಳಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಕಷ್ಟ. ಕಂಪನಿಯ ತಂತಿಜಾಲವನ್ನು ಕತ್ತರಿಸಿದರೆ ವಾರಂಟಿಗೂ ಸಂಚಕಾರ. ನಾನಂತೂ ಯಾರಿಗೂ ಹಾಕಿಸಿ ಎಂದು ಹೇಳಲಾರೆ.

ಕೊನೆಗೆ 15 ಸಾವಿರದ ಲೆಕ್ಕ. ಮನೆಯಿಂದ ಕಚೇರಿ, ಕಚೇರಿಯಿಂದ ತರಕಾರಿ ಮಾರುಕಟ್ಟೆ, ವರ್ಷಕ್ಕೊಮ್ಮೆ ಗಾಣಗಾಪುರ ಎಂಬಷ್ಟೇ ಓಡಾಟ ಇರುವವರು ಆ ಹಣದಲ್ಲಿ ಒಳ್ಳೆಯ ಹೆಲ್ಮೆಟ್ಟು, ಕೈಗವಸು, ಪಾದದ ಗಂಟು ಮುಚ್ಚುವ ಬೂಟು ಕೊಂಡರೆ ಇನ್ನೂ ಸಾಕಷ್ಟು ಉಳಿಯುತ್ತದೆ. ತಿಂಗಳಿಗೆ ಎರಡು ಮೂರು ಸಲವಾದರೂ ಬೀದರಿಗೋ ವಿಜಯಪುರಕ್ಕೋ ಹೋಗಿಬರುವವರು, ಬೂಟು ಹಾಕುವ ಮತ್ತು ಬೈಕ್ ತೊಳೆಯುವ ಅಭ್ಯಾಸ ಇರುವವರು ಕೊಡಬಹುದು. ನಾನು ಮತ್ತೊಮ್ಮೆ ಕೊಂಡರೂ ಕೊಡುತ್ತೇನೆ. ಪಕ್ಕದ ಮನೆಯ ಹಿರಿಯರನ್ನು ಹೋದ ತಿಂಗಳು ಹಿಂದೆ ಕೂರಿಸಿಕೊಂಡು ಕಮಲಾಪುರದವರೆಗೆ ಹೋಗಿ ಬಂದೆ. ಹೆದ್ದಾರಿಯಲ್ಲಿ ಆರು ಗೇರೂ ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ರಾಮಮಂದಿರ ವೃತ್ತದ ಸಿಗ್ನಲ್ ಬಿಟ್ಟ ಮೇಲೆ ನಾನು ಮರೆತು ಕ್ಲಚ್ ಹಿಡಿಯದೆ ಎರಡನೆಯ ಗೇರ್ ಎತ್ತಿದಾಗ ಮಾತ್ರ ನನ್ನ ಭುಜ ಹಿಡಿದುಕೊಂಡು, “ಊರಾಗ ಕ್ಲಚ್ ಹಿಡಿಯಪ್ಪ” ಎಂದರು.